ಕಡಿದ ನರಕ್ಕೊಂದು ಹೊಸ ಮನೆ

ಕನ್ನಡ ಕೂಟದ ಸ್ಮರಣ ಸಂಚಿಕೆಗೆ ಲೇಖನ ಎಂದರೆ ಊರಿನ ನೆನಪುಗಳನ್ನು ಬರೆಯುವುದು ವಾಡಿಕೆ. ಮಲೆನಾಡಿನ ಮಳೆ, ಮೈಸೂರಿನ ದಸರಾ, ಅಜ್ಜಿಯ ಮನೆಯ ಹಪ್ಪಳ ಸಂಡಿಗೆ ಇವುಗಳ ಬಗ್ಗೆ ನಾವೂ ಹಿಂದಿನ ಸಂಚಿಕೆಗಳಲ್ಲಿ ಬರೆದಿದ್ದೇವೆ. ಈ ಸಂಸ್ಥಾಪನಾ ದಿನದ ಸಂಚಿಕೆಗೆ ಮಾತ್ರ ನಾವು ಬದುಕು ಕಟ್ಟಿಕೊಂಡ ಈ ಷಿಕಾಗೋ ನಗರದ ಬಗ್ಗೆಯೇ, ಇಲ್ಲಿ ನಡೆದ ಒಂದು ದೊಡ್ಡ ಕೆಲಸದ ಬಗ್ಗೆಯೇ ಬರೆಯೋಣವೆನ್ನಿಸಿತು. ಹಾಗೆ ಅನ್ನಿಸಲು ಕಾರಣ ನಮ್ಮ ಮೇಷ್ಟ್ರು.

ಮೇಷ್ಟ್ರು ಎಂದರೆ ಕೂಟದ ಹಳಬರಿಗೆಲ್ಲ ಗೊತ್ತು. ಅವರು ಯಾವ ಶಾಲೆಯಲ್ಲೂ ಮೇಷ್ಟ್ರಾಗಿದ್ದವರಲ್ಲ, ವೃತ್ತಿಯಿಂದ ಎಂಜಿನಿಯರು. ಆದರೆ ನಮ್ಮ ಮಕ್ಕಳಿಗೆ ಭಾನುವಾರದ ತರಗತಿಯಲ್ಲಿ ಅ ಆ ಇ ಈ ತಿದ್ದಿಸಿದವರು, ರಾಜ್ಯೋತ್ಸವದ ನಾಟಕಗಳಿಗೆ ಬಣ್ಣ ಹಚ್ಚಿಸಿದವರು ಅವರೇ. ಕೆಲವು ವರ್ಷಗಳ ಹಿಂದೆ ಸಕ್ಕರೆ ಕಾಯಿಲೆಯಿಂದ ಕಾಲಿನ ಹುಣ್ಣು ಮಾಯದೆ, ಮೊಣಕಾಲಿನ ಕೆಳಗೆ ಅವರ ಎಡಗಾಲನ್ನು ತೆಗೆಯಬೇಕಾಯಿತು. ಹಣ್ಣು ಹಿಡಿದು ನೋಡಲು ಹೋದ ನಮಗೆ ಏನು ಮಾತನಾಡಬೇಕೆಂದೇ ತಿಳಿಯಲಿಲ್ಲ. ಮೇಷ್ಟ್ರೇ ಮಾತಿಗೆ ತೊಡಗಿದರು: "ಕಾಲು ಹೋಯಿತಪ್ಪ. ಆದರೆ ಹೋಗಿದ್ದು ಅದಕ್ಕಿನ್ನೂ ಗೊತ್ತಾಗಿಲ್ಲ. ಇಲ್ಲದ ಹೆಬ್ಬೆರಳು ರಾತ್ರಿಯೆಲ್ಲ ಉರಿಯುತ್ತೆ." ನಾವು ನಕ್ಕೆವು, ಅವರೂ ನಕ್ಕರು. ಮನೆಗೆ ಬರುವಾಗ ಕಾರಿನಲ್ಲಿ ಯಾರೂ ಮಾತನಾಡಲಿಲ್ಲ.

ಇಲ್ಲದ ಬೆರಳು ಹೇಗೆ ಉರಿಯುತ್ತದೆ? ಈ ಪ್ರಶ್ನೆಯ ಹಿಂದೆ ಹೊರಟಾಗ ನಮಗೆ ತಿಳಿದದ್ದೇನೆಂದರೆ, ಕೃತಕ ಕೈಕಾಲುಗಳ ಇತಿಹಾಸದ ಒಂದು ಮುಖ್ಯ ಅಧ್ಯಾಯ ನಮ್ಮ ಮನೆಗಳಿಂದ ಅರ್ಧ ಗಂಟೆಯ ದಾರಿಯಲ್ಲಿ, ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಮತ್ತು ಅದರ ಜೊತೆಗಿದ್ದ ಪುನರ್ವಸತಿ ಆಸ್ಪತ್ರೆಯಲ್ಲಿ ನಡೆದಿದೆ. ಇಷ್ಟು ವರ್ಷ ಇಲ್ಲೇ ಇದ್ದೂ ನಮಗದು ಗೊತ್ತಿರಲಿಲ್ಲ.

ಕಬ್ಬಿಣದ ಕಾಲಿನಿಂದ ಕೊಕ್ಕೆಯ ಕೈಗೆ

ಕೃತಕಾಂಗದ ಆಸೆ ಬಹಳ ಹಳೆಯದು. ಋಗ್ವೇದದ ಮೊದಲ ಮಂಡಲದ 116ನೆಯ ಸೂಕ್ತದಲ್ಲಿ ವಿಶ್ಪಲೆಯ ಪ್ರಸಂಗ ಬರುತ್ತದೆ. ಖೇಲನ ಪರವಾಗಿ ಹೋರಾಡುತ್ತ ಕಾಲು ಕಳೆದುಕೊಂಡ ವಿಶ್ಪಲೆಗೆ ದೇವವೈದ್ಯರಾದ ಅಶ್ವಿನೀದೇವತೆಗಳು ಲೋಹದ ಕಾಲನ್ನು ಜೋಡಿಸಿದರೆಂದು ಅಲ್ಲಿ ಹೇಳಿದೆ. ವಿಶ್ಪಲೆ ವೀರಸ್ತ್ರೀಯೋ, ಪಂದ್ಯದ ಕುದುರೆಯೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯಿದೆ. ಅದೇನೇ ಇರಲಿ, ಹೋದ ಕಾಲಿನ ಜಾಗದಲ್ಲಿ ಇನ್ನೊಂದನ್ನು ಕೂಡಿಸಬಹುದೆಂಬ ಕಲ್ಪನೆ ಅಷ್ಟು ಹಿಂದೆಯೇ ಇತ್ತು. ಕಣ್ಣಿಗೆ ಕಾಣುವ ಸಾಕ್ಷ್ಯ ಬೇಕೆಂದರೆ ಈಜಿಪ್ಟಿಗೆ ಹೋಗಬೇಕು. ಸುಮಾರು ಮೂರು ಸಾವಿರ ವರ್ಷ ಹಿಂದಿನ, ಮರ ಮತ್ತು ಚರ್ಮದಿಂದ ಮಾಡಿದ ಕಾಲಿನ ಹೆಬ್ಬೆರಳೊಂದು ಅಲ್ಲಿಯ ಮಮ್ಮಿಯೊಂದರ ಪಾದದಲ್ಲಿ ಸಿಕ್ಕಿತು.

ಯುದ್ಧವೇ ಕೃತಕಾಂಗಗಳ ತಾಯಿ ಎಂದರೆ ತಪ್ಪಾಗದು. ಜರ್ಮನಿಯ ಗೋಟ್ಜ್ ಫಾನ್ ಬೆರ್ಲಿಷಿಂಗನ್ ಎಂಬ ಯೋಧ 1504ರಲ್ಲಿ ಕೈ ಕಳೆದುಕೊಂಡು, ಬೆರಳುಗಳನ್ನು ಮಡಿಸಿ ನಿಲ್ಲಿಸಬಹುದಾದ ಕಬ್ಬಿಣದ ಕೈ ಮಾಡಿಸಿಕೊಂಡ. ಅದೇ ಶತಮಾನದಲ್ಲಿ ಫ್ರಾನ್ಸಿನ ಸೇನಾ ಶಸ್ತ್ರವೈದ್ಯ ಆಂಬ್ರ್ವಾಸ್ ಪಾರೆ ಕೀಲುಗಳುಳ್ಳ ಕೈಕಾಲುಗಳ ನಕ್ಷೆಗಳನ್ನು ಪ್ರಕಟಿಸಿದ. ಅಮೆರಿಕದ ಅಂತರ್ಯುದ್ಧದಲ್ಲಿ ಸಾವಿರಾರು ಸೈನಿಕರು ಕೈಕಾಲು ಕಳೆದುಕೊಂಡರು. ಅವರಿಗೆ ಚಿಕಿತ್ಸೆ ನೀಡಿದ ಫಿಲಡೆಲ್ಫಿಯಾದ ವೈದ್ಯ ಸೈಲಸ್ ವಿಯರ್ ಮಿಚೆಲ್, ಇಲ್ಲದ ಅಂಗದಲ್ಲಿ ನೋವು ಕಾಣಿಸಿಕೊಳ್ಳುವುದನ್ನು 1871ರಲ್ಲಿ 'ಫ್ಯಾಂಟಮ್ ಲಿಂಬ್' ಎಂದು ಕರೆದರು. ಕನ್ನಡದಲ್ಲಿ ಭೂತಾಂಗ ಎನ್ನೋಣವೆ? ನಮ್ಮ ಮೇಷ್ಟ್ರ ಹೆಬ್ಬೆರಳು ಆ ಪರಂಪರೆಯದು.

1912ರಲ್ಲಿ ಡೇವಿಡ್ ಡಾರನ್ಸ್ ಎಂಬವರು ಎರಡಾಗಿ ತೆರೆದುಕೊಳ್ಳುವ ಲೋಹದ ಕೊಕ್ಕೆಗೆ ಪೇಟೆಂಟ್ ಪಡೆದರು. ಅವರೇ ಸಾಮಿಲ್ ಒಂದರ ಅಪಘಾತದಲ್ಲಿ ಕೈ ಕಳೆದುಕೊಂಡವರು. ಭುಜಕ್ಕೆ ಕಟ್ಟಿದ ಪಟ್ಟಿಯಿಂದ ಒಂದು ತಂತಿ ಕೊಕ್ಕೆಯವರೆಗೆ ಹೋಗುತ್ತದೆ, ಭುಜ ಮುಂದೂಡಿದರೆ ಕೊಕ್ಕೆ ತೆರೆಯುತ್ತದೆ, ಅಷ್ಟೆ. ನೋಡಲು ಚೆಂದವಿಲ್ಲ. ಆದರೆ ಗಟ್ಟಿ, ಹಗುರ, ಕೆಟ್ಟರೆ ಮನೆಯಲ್ಲೇ ರಿಪೇರಿ ಮಾಡಿಕೊಳ್ಳಬಹುದು. ನೂರು ವರ್ಷ ದಾಟಿದರೂ ಈ ಬಗೆಯ ಕೊಕ್ಕೆಗಳು ಇಂದಿಗೂ ಬಳಕೆಯಲ್ಲಿವೆ.

ವಿಶ್ವವಿದ್ಯಾಲಯಗಳ ಪ್ರವೇಶ

ಎರಡನೆಯ ಮಹಾಯುದ್ಧದಿಂದ ಮರಳಿದ ಸೈನಿಕರು ತಮಗೆ ಕೊಟ್ಟ ಕೃತಕಾಂಗಗಳ ಬಗ್ಗೆ ಗಟ್ಟಿಯಾಗಿಯೇ ದೂರತೊಡಗಿದರು. ವಿಮಾನ, ರಾಡಾರ್, ಬಾಂಬು ಇಷ್ಟೆಲ್ಲ ಮಾಡುವ ದೇಶಕ್ಕೆ ಒಂದು ಒಳ್ಳೆಯ ಕಾಲು ಮಾಡಲು ಬಾರದೆ ಎಂಬುದು ಅವರ ಪ್ರಶ್ನೆ. ಸೇನೆಯ ಕೋರಿಕೆಯ ಮೇರೆಗೆ 1945ರ ಆರಂಭದಲ್ಲಿ ವೈದ್ಯರು, ಎಂಜಿನಿಯರುಗಳು ಮತ್ತು ಕೃತಕಾಂಗ ತಯಾರಕರು ಷಿಕಾಗೋದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಸಭೆ ಸೇರಿದರು. ಈ ಕ್ಷೇತ್ರದಲ್ಲಿ ಕಸುಬಿದೆ, ವಿಜ್ಞಾನ ಬಹಳ ಕಡಿಮೆ ಎಂಬುದು ಅಲ್ಲಿ ಸ್ಪಷ್ಟವಾಯಿತು. ಮನುಷ್ಯ ಹೇಗೆ ನಡೆಯುತ್ತಾನೆ, ಕೈ ಹೇಗೆ ಹಿಡಿಯುತ್ತದೆ ಎಂಬುದನ್ನೇ ಯಾರೂ ಸರಿಯಾಗಿ ಅಳೆದಿರಲಿಲ್ಲ. ಸರ್ಕಾರದ ಹಣದಿಂದ ವಿಶ್ವವಿದ್ಯಾಲಯಗಳಲ್ಲಿ ವ್ಯವಸ್ಥಿತ ಸಂಶೋಧನೆ ಶುರುವಾದದ್ದು ಆ ನಂತರ.

ಇದೇ ಹೊತ್ತಿಗೆ ಜರ್ಮನಿಯಲ್ಲಿ ಬೇರೊಂದು ಯೋಚನೆ ಮೊಳೆತಿತ್ತು. ಸ್ನಾಯು ಬಿಗಿಯಾದಾಗಲೆಲ್ಲ ಅದರಲ್ಲಿ ಅತಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಚರ್ಮದ ಮೇಲೆ ಅಳೆದರೆ ಅದು ಒಂದು ವೋಲ್ಟಿನ ಸಾವಿರದಲ್ಲೊಂದು ಭಾಗದ ಆಸುಪಾಸು. ಈ ವಿದ್ಯುತ್ತನ್ನೇ ಹಿಡಿದು ದೊಡ್ಡದು ಮಾಡಿ ಮೋಟಾರನ್ನು ತಿರುಗಿಸಬಾರದೇಕೆ? ಮ್ಯೂನಿಕ್‌ನ ರೈನ್‌ಹೋಲ್ಡ್ ರೈಟರ್ ಎಂಬ ಭೌತವಿಜ್ಞಾನದ ವಿದ್ಯಾರ್ಥಿ ಇಂಥ ಕೈಯೊಂದನ್ನು ಮಾಡಿ 1948ರಲ್ಲಿ ಪ್ರಕಟಿಸಿದರು. ಆದರೆ ಆಗಿನ ರೇಡಿಯೋ ವಾಲ್ವುಗಳ ಗಾತ್ರ ನಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ಮೇಜಿನ ಮೇಲೆ ಕೂರಬೇಕಾದ ಪೆಟ್ಟಿಗೆಯನ್ನು ತೋಳಿಗೆ ಕಟ್ಟಿಕೊಂಡು ತಿರುಗಲಾಗುತ್ತದೆಯೆ? ಟ್ರಾನ್ಸಿಸ್ಟರ್ ಬರುವವರೆಗೆ ಕಾಯಬೇಕಾಯಿತು. 1960ರ ವೇಳೆಗೆ ಸೋವಿಯತ್ ಒಕ್ಕೂಟದಲ್ಲಿ ಅಲೆಕ್ಸಾಂಡರ್ ಕೊಬ್ರಿನ್‌ಸ್ಕಿ ಮತ್ತು ಸಂಗಡಿಗರು ಹೊತ್ತು ತಿರುಗಬಹುದಾದ ಸ್ನಾಯುವಿದ್ಯುತ್ ಕೈಯನ್ನು ಜಗತ್ತಿಗೆ ತೋರಿಸಿದರು.

ಅಮೆರಿಕದಲ್ಲಿ ಈ ಕೆಲಸಕ್ಕೆ ಒಂದು ಬಿದ್ದ ಪೆಟ್ಟು ಕಾರಣವಾಯಿತೆನ್ನುವುದು ಸ್ವಾರಸ್ಯಕರ. ಎಂ.ಐ.ಟಿ.ಯ ಗಣಿತಜ್ಞ, ಸೈಬರ್ನೆಟಿಕ್ಸ್ ಶಾಸ್ತ್ರದ ಜನಕ ನಾರ್ಬರ್ಟ್ ವೀನರ್ 1961ರಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಬಾಸ್ಟನ್ನಿನ ಆಸ್ಪತ್ರೆಯಲ್ಲಿ ಅವರನ್ನು ನೋಡಿದ ಮೂಳೆ ವೈದ್ಯ ಮೆಲ್ವಿನ್ ಗ್ಲಿಂಚರ್ ಅವರಿಗೂ ವೀನರ್‌ಗೂ ಕೃತಕ ತೋಳಿನ ಮಾತುಕತೆ ಬೆಳೆಯಿತು. ಎಂ.ಐ.ಟಿ.ಯ ರಾಬರ್ಟ್ ಮಾನ್ ಮತ್ತು ಅಮರ್ ಬೋಸ್ ಆ ಮಾತುಕತೆಗೆ ಸೇರಿದರು. ನಮ್ಮ ಅನೇಕರ ಮನೆಯಲ್ಲಿರುವ ಸ್ಪೀಕರುಗಳ ಮೇಲೆ ಹೆಸರಿರುವ ಬೋಸ್ ಅವರೇ ಇವರು. ಬಂಗಾಳದಿಂದ ಬಂದ ಸ್ವಾತಂತ್ರ್ಯ ಹೋರಾಟಗಾರರೊಬ್ಬರ ಮಗ. ಈ ಪ್ರಯತ್ನದಿಂದ ಹೊರಬಂದ 'ಬಾಸ್ಟನ್ ಆರ್ಮ್' 1968ರಲ್ಲಿ ಸಾರ್ವಜನಿಕ ಪ್ರದರ್ಶನ ಕಂಡಿತು. ಮುಂದೆ 1980ರ ದಶಕದ ಆರಂಭದಲ್ಲಿ ಯೂಟಾ ವಿಶ್ವವಿದ್ಯಾಲಯದ ಸ್ಟೀಫನ್ ಜೇಕಬ್‌ಸನ್ ತಂಡದ 'ಯೂಟಾ ಆರ್ಮ್' ಬಂತು.

ಷಿಕಾಗೋದಲ್ಲಿ ಡಡ್ಲಿ ಚಿಲ್ಡ್ರೆಸ್ ಎಂಬ ಎಂಜಿನಿಯರು ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಪ್ರಯೋಗಾಲಯವನ್ನು ಕಟ್ಟುತ್ತಿದ್ದದ್ದೂ ಇದೇ ಕಾಲದಲ್ಲಿ. ಬ್ಯಾಟರಿ, ಮೋಟಾರು, ತಂತಿ ಎಲ್ಲವೂ ಮುಂಗೈಯ ಒಳಗೇ ಅಡಗಿ, ಭುಜದ ಪಟ್ಟಿಯೇ ಬೇಡದ ಕೈಯೊಂದನ್ನು ಅವರ ತಂಡ 1960ರ ದಶಕದ ಕೊನೆಯಲ್ಲಿ ರೂಪಿಸಿತು.

ತೊಡಕು ಎಲ್ಲಿತ್ತು?

ಇಷ್ಟಾದ ಮೇಲೆ ಸಮಸ್ಯೆ ಮುಗಿಯಿತೆಂದು ತೋರಬಹುದು. ಮುಗಿಯಲಿಲ್ಲ. ಮುಂಗೈ ಹೋದವರಿಗೆ ಮೊಣಕೈ ಹತ್ತಿರದ ಸ್ನಾಯುಗಳು ಉಳಿದಿರುತ್ತವೆ. ಕೈ ಮುಚ್ಚಬೇಕೆಂದರೆ ಅವು ಬಿಗಿಯುತ್ತವೆ, ಯಂತ್ರಕ್ಕೆ ಅರ್ಥವಾಗುತ್ತದೆ. ಭುಜದಿಂದಲೇ ತೋಳು ಹೋದವರಿಗೆ ಯಾವ ಸ್ನಾಯು ಉಳಿದಿದೆ? ಅಂಥವರಿಗೇ ಹೆಚ್ಚು ಚಲನೆಗಳು ಬೇಕು, ಅಂಥವರಲ್ಲೇ ಸಂಕೇತಗಳು ಕಡಿಮೆ. ಅವರು ಗದ್ದದಿಂದ ಗುಂಡಿ ಒತ್ತಿ, ಭುಜ ಕುಣಿಸಿ, ಮೊದಲು ಮೊಣಕೈ, ಆಮೇಲೆ ಮಣಿಕಟ್ಟು, ಆಮೇಲೆ ಬೆರಳು ಎಂದು ಒಂದೊಂದಾಗಿ ನಡೆಸಬೇಕಾಗಿತ್ತು. ಒಂದು ಲೋಟ ನೀರು ಕುಡಿಯಲು ಅಷ್ಟು ಪ್ರಯಾಸವಾದರೆ ಯಾರು ತಾನೆ ತೊಟ್ಟುಕೊಂಡಾರು?

ಬಹಳ ಜನ ತೊಟ್ಟುಕೊಳ್ಳಲಿಲ್ಲ. ಇಪ್ಪತ್ತೈದು ವರ್ಷಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಟೊರಾಂಟೋದ ಇಬ್ಬರು ಸಂಶೋಧಕರು 2007ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ವಯಸ್ಕರಲ್ಲಿ ತಂತಿ ಎಳೆಯುವ ಕೈಗಳನ್ನು ಸರಾಸರಿ ಶೇ. 26 ಮಂದಿ, ವಿದ್ಯುತ್ ಕೈಗಳನ್ನು ಶೇ. 23 ಮಂದಿ ಬಿಟ್ಟುಬಿಡುತ್ತಿದ್ದರು. ಮಕ್ಕಳಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು. ಯಂತ್ರಕ್ಕೆ ಶಕ್ತಿ ಇತ್ತು. ತೊಟ್ಟವರ ಮನಸ್ಸು ಅದಕ್ಕೆ ತಿಳಿಯುತ್ತಿರಲಿಲ್ಲ.

ಕಸಿ ಕಟ್ಟಿದ ಕಥೆ

ಚಿಲ್ಡ್ರೆಸ್ ಅವರ ಪ್ರಯೋಗಾಲಯದಲ್ಲಿ 1980ರ ದಶಕದಲ್ಲಿ ಟಾಡ್ ಕೈಕನ್ ಎಂಬ ವಿದ್ಯಾರ್ಥಿಯಿದ್ದರು. ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಎರಡನ್ನೂ ಒಟ್ಟಿಗೇ ಓದುತ್ತಿದ್ದವರು. ಅವರ ಯೋಚನೆ ಸರಳವಾಗಿತ್ತು. ತೋಳನ್ನು ಕತ್ತರಿಸಿದಾಗ ಹೋಗುವುದು ತೋಳು. ಬೆನ್ನುಹುರಿಯಿಂದ ತೋಳಿಗೆ ಬರುತ್ತಿದ್ದ ದೊಡ್ಡ ನರಗಳು ಕತ್ತರಿಸಿದ ಜಾಗದವರೆಗೆ ಜೀವಂತವಾಗಿಯೇ ಇರುತ್ತವೆ. ಮನುಷ್ಯ "ಕೈ ಮುಚ್ಚು" ಎಂದುಕೊಂಡಾಗಲೆಲ್ಲ ಆ ಆಜ್ಞೆ ನರದ ತುದಿಯವರೆಗೂ ಬರುತ್ತದೆ. ಕೇಳುವವರಿಲ್ಲ, ಅಷ್ಟೆ. ವಿಳಾಸದಾರರು ಮನೆ ಖಾಲಿ ಮಾಡಿ ಹೋದರೂ ಅಂಚೆಯವನು ದಿನವೂ ಪತ್ರ ತಂದು ಬಾಗಿಲಲ್ಲಿ ಹಾಕಿ ಹೋದ ಹಾಗೆ.

ಹಾಗಾದರೆ ಆ ನರಕ್ಕೆ ಬೇರೊಂದು ಸ್ನಾಯುವನ್ನು ಜೋಡಿಸಿಕೊಟ್ಟರೆ? ತೋಳಿಲ್ಲದವರಿಗೆ ತೋಳನ್ನೆಳೆಯುವ ಎದೆಯ ಸ್ನಾಯುವಿನಿಂದ ಹೆಚ್ಚು ಉಪಯೋಗವಿಲ್ಲ. ಅದರ ಹಳೆಯ ನರವನ್ನು ಬಿಡಿಸಿ, ತೋಳಿನ ನರವನ್ನು ಅಲ್ಲಿಗೆ ಹೊಲಿದರೆ, ನರ ಆ ಸ್ನಾಯುವಿನೊಳಕ್ಕೆ ಬೆಳೆಯುತ್ತದೆ. ಆಮೇಲೆ "ಕೈ ಮುಚ್ಚು" ಎಂದುಕೊಂಡರೆ ಎದೆಯ ಒಂದು ತುಣುಕು ಬಿಗಿಯುತ್ತದೆ, ಅದರ ವಿದ್ಯುತ್ತನ್ನು ಚರ್ಮದ ಮೇಲಿನಿಂದ ಹಿಡಿದು ಯಂತ್ರದ ಕೈಯನ್ನು ಮುಚ್ಚಿಸಬಹುದು. ನಮ್ಮೂರಿನ ತೋಟಗಾರ ಕಾಡುಮಾವಿನ ಬುಡಕ್ಕೆ ಮಲ್ಲಿಕಾ ಮಾವಿನ ಕಡ್ಡಿ ಕಸಿ ಕಟ್ಟುವಂತೆಯೇ ಇದು. ಇಲಿಗಳ ಮೇಲಿನ ಪ್ರಯೋಗಗಳಿಂದ ಆರಂಭಿಸಿ ಈ ಯೋಚನೆ ಮನುಷ್ಯನವರೆಗೆ ಬರಲು ಸುಮಾರು ಹದಿನೈದು ವರ್ಷ ಹಿಡಿಯಿತು.

2001ರ ಮೇ ತಿಂಗಳಲ್ಲಿ ಟೆನೆಸೀ ರಾಜ್ಯದ ಜೆಸ್ಸಿ ಸಲಿವನ್ ಎಂಬ ವಿದ್ಯುತ್ ಲೈನ್‌ಮನ್ ಕೆಲಸದ ಮೇಲಿದ್ದಾಗ ಸಾವಿರಾರು ವೋಲ್ಟಿನ ತಂತಿ ತಗುಲಿತು. ಆಗಿನ ಕೆ.ಇ.ಬಿ. ಲೈನ್‌ಮನ್‌ಗಳ ಇಂಥ ಸುದ್ದಿಗಳನ್ನು ಊರಿನಲ್ಲಿ ಕೇಳಿ ಬೆಳೆದ ನಮಗೆ ಅದರ ಭೀಕರತೆ ವಿವರಿಸಬೇಕಾಗಿಲ್ಲ. ಅವರ ಎರಡು ತೋಳುಗಳನ್ನೂ ಭುಜದಿಂದಲೇ ತೆಗೆಯಬೇಕಾಯಿತು. ಅವರು ಷಿಕಾಗೋದ ಪುನರ್ವಸತಿ ಆಸ್ಪತ್ರೆಗೆ ಬಂದರು. 'ರಿಹ್ಯಾಬಿಲಿಟೇಷನ್ ಇನ್‌ಸ್ಟಿಟ್ಯೂಟ್ ಆಫ್ ಷಿಕಾಗೋ' ಎಂಬ ಹೆಸರಿದ್ದ ಈ ಸಂಸ್ಥೆಗೆ 2017ರಿಂದ 'ಷರ್ಲಿ ರಯಾನ್ ಎಬಿಲಿಟಿಲ್ಯಾಬ್' ಎಂಬ ಹೆಸರು.

2002ರಲ್ಲಿ ನಾರ್ತ್‌ವೆಸ್ಟರ್ನ್‌ನ ಶಸ್ತ್ರವೈದ್ಯ ಗ್ರೆಗರಿ ಡುಮೇನಿಯನ್ ಅವರು ಸಲಿವನ್ನರ ಎಡ ಎದೆಯ ಸ್ನಾಯುಗಳಿಗೆ ತೋಳಿನ ನಾಲ್ಕು ಮುಖ್ಯ ನರಗಳನ್ನು ಜೋಡಿಸಿದರು. ನರ ಬೆಳೆಯುವುದು ದಿನಕ್ಕೆ ಒಂದು ಮಿಲಿಮೀಟರಿನಂತೆ. ಕಾಯುವುದೊಂದೇ ಕೆಲಸ. ಸುಮಾರು ಮೂರು ತಿಂಗಳಿಗೆ ಎದೆಯಲ್ಲಿ ಮೊದಲ ಮಿಡುಕು ಕಾಣಿಸಿತು. ಐದು ತಿಂಗಳಿಗೆ ಅವರು ಕೈಯ ಬೇರೆ ಬೇರೆ ಚಲನೆಗಳನ್ನು ಮನಸ್ಸಿನಲ್ಲಿ ನೆನೆದಾಗ ಎದೆಯ ಬೇರೆ ಬೇರೆ ಭಾಗಗಳು ಬಿಗಿಯುತ್ತಿದ್ದವು. ಯಂತ್ರದ ತೋಳು ತೊಡಿಸಿದಾಗ ಗದ್ದದ ಗುಂಡಿ ಬೇಕಾಗಲಿಲ್ಲ, ಮೊಣಕೈ ಮತ್ತು ಕೈ ಒಟ್ಟಿಗೇ ಚಲಿಸಿದವು. ಮರದ ತುಂಡುಗಳನ್ನು ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಸಾಗಿಸುವ ಪರೀಕ್ಷೆಯಲ್ಲಿ ಅವರ ವೇಗ ಹಿಂದಿನ ಸಾಧನಕ್ಕಿಂತ ಸುಮಾರು ಎರಡೂವರೆ ಪಟ್ಟಾಯಿತು.

ಯಾರೂ ನಿರೀಕ್ಷಿಸದ ಇನ್ನೊಂದು ಸಂಗತಿಯೂ ನಡೆಯಿತು. ಸಲಿವನ್ನರ ಎದೆಯ ಚರ್ಮವನ್ನು ಮುಟ್ಟಿದರೆ, ಇಲ್ಲದ ಕೈಯನ್ನು ಮುಟ್ಟಿದಂತೆ ಅವರಿಗೆ ಅನ್ನಿಸತೊಡಗಿತು. ಸ್ಪರ್ಶದ ನರಗಳೂ ಜೊತೆಯಲ್ಲೇ ಬೆಳೆದು ಎದೆಯ ಚರ್ಮವನ್ನು ಸೇರಿಕೊಂಡಿದ್ದವು! ಅಪಘಾತದಲ್ಲಿ ಎಡತೋಳು ಕಳೆದುಕೊಂಡಿದ್ದ ಮಾಜಿ ನೌಕಾ ಯೋಧೆ ಕ್ಲಾಡಿಯಾ ಮಿಚೆಲ್ ಅವರಿಗೆ ಶಸ್ತ್ರಕ್ರಿಯೆ ಮಾಡಿದಾಗ ಈ ಸ್ಪರ್ಶದ ನರಗಳನ್ನು ಉದ್ದೇಶಪೂರ್ವಕವಾಗಿಯೇ ಚರ್ಮಕ್ಕೆ ಜೋಡಿಸಲಾಯಿತು. ಆ ವರದಿ 2007ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು.

ಇದರ ಜೊತೆಗೆ ಕಂಪ್ಯೂಟರಿನ ಸಹಾಯವೂ ಸೇರಿತು. ಹತ್ತಾರು ಕಡೆ ಸ್ನಾಯುವಿದ್ಯುತ್ತನ್ನು ಅಳೆದು, "ಇದು ಮುಷ್ಟಿ", "ಇದು ಚಿಟಿಕೆ", "ಇದು ಮಣಿಕಟ್ಟು ತಿರುಗಿಸುವುದು" ಎಂದು ವಿನ್ಯಾಸಗಳನ್ನು ಗುರುತಿಸುವುದನ್ನು ಕಂಪ್ಯೂಟರಿಗೆ ಕಲಿಸಿದರು. ಅಡಿಗೆಮನೆಯಲ್ಲಿ ಪಾತ್ರೆ ಸದ್ದಾದರೆ ಸಾಕು, ಬಂದವರು ಯಾರೆಂದು ಪಡಸಾಲೆಯಲ್ಲಿ ಕುಳಿತ ಅಜ್ಜಿಗೆ ಗೊತ್ತಾಗುತ್ತದಲ್ಲ, ಆ ಬಗೆಯ ಅಭ್ಯಾಸ. ಐದು ಮಂದಿಯ ಮೇಲೆ ನಡೆದ ಈ ಪರೀಕ್ಷೆಯ ಫಲ 2009ರಲ್ಲಿ ಹೊರಬಂತು.

ಕಾಲಿನ ಸರದಿ 2012ರಲ್ಲಿ ಬಂತು. ಆ ನವೆಂಬರಿನಲ್ಲಿ, ನಾವು ಇಲ್ಲಿ ರಾಜ್ಯೋತ್ಸವದ ತಯಾರಿಯಲ್ಲಿದ್ದಾಗ, ಮೋಟಾರ್‌ಸೈಕಲ್ ಅಪಘಾತದಲ್ಲಿ ಕಾಲು ಕಳೆದುಕೊಂಡಿದ್ದ ಜ್ಯಾಕ್ ವಾಟರ್ ಎಂಬ ತರುಣ ವಿಲಿಸ್ ಟವರಿನ 103 ಮಹಡಿಗಳನ್ನು ಯಂತ್ರದ ಕಾಲಿನಿಂದ ಹತ್ತಿದರು. ನಾವು ಬಂದ ಹೊಸದರಲ್ಲಿ ಸಿಯರ್ಸ್ ಟವರ್ ಎನ್ನುತ್ತಿದ್ದೆವಲ್ಲ, ಅದೇ ಕಟ್ಟಡ. ಮೆಟ್ಟಿಲು ಬಂದಾಗ ರಿಮೋಟ್ ಒತ್ತುವ ಅಗತ್ಯವಿರಲಿಲ್ಲ. ಹತ್ತಬೇಕೆಂದುಕೊಂಡರೆ ತೊಡೆಯ ಸ್ನಾಯುಗಳು ಹೇಳುತ್ತಿದ್ದವು, ಕಾಲು ಕೇಳುತ್ತಿತ್ತು. ಲೀವೈ ಹಾರ್ಗ್ರೋವ್ ಮತ್ತು ಸಂಗಡಿಗರು ಇದರ ವಿವರಗಳನ್ನು 2013ರಲ್ಲಿ ಪ್ರಕಟಿಸಿದರು.

ಯಂತ್ರ ಮರುಮಾತಾಡಿದಾಗ

ಕೇಳುವುದು ಅರ್ಧ ಕೆಲಸ. ನಮ್ಮ ಒಂದು ಅಂಗೈಯಲ್ಲಿ ಮತ್ತು ಬೆರಳುಗಳಲ್ಲಿ ಸುಮಾರು 17,000 ಸ್ಪರ್ಶ ತಂತುಗಳಿವೆ. ಕತ್ತಲಲ್ಲಿ ಜೇಬಿಗೆ ಕೈ ಹಾಕಿ ಬೀಗದಕೈಯನ್ನು ತೆಗೆಯುವುದು ಅವುಗಳಿಂದ. ಯಂತ್ರದ ಕೈಗೆ ಆ ಅರಿವಿಲ್ಲ. ಕ್ಲೀವ್‌ಲ್ಯಾಂಡಿನ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದಲ್ಲಿ ಡಸ್ಟಿನ್ ಟೈಲರ್ ತಂಡ 2012ರಿಂದ ತೋಳಿನ ನರಗಳ ಸುತ್ತ ವಿದ್ಯುದ್ವಾರಗಳನ್ನು ಅಳವಡಿಸಿ, ಯಂತ್ರದ ಬೆರಳಿಗೆ ತಗುಲಿದ್ದನ್ನು ನರಕ್ಕೆ ತಿಳಿಸುವ ಪ್ರಯೋಗ ಮಾಡಿತು. ಕಣ್ಣು ಕಟ್ಟಿದಾಗಲೂ ಚೆರ್ರಿ ಹಣ್ಣನ್ನು ಜಜ್ಜದೆ ಹಿಡಿದು ಅದರ ತೊಟ್ಟು ಕೀಳುವುದು ಇದರಿಂದ ಸಾಧ್ಯವಾಯಿತು.

ಬೆನ್ನುಹುರಿಗೇ ಪೆಟ್ಟಾದವರಿಗೆ ನರದ ದಾರಿಯೂ ಇಲ್ಲ. ಅಲ್ಲಿ ಮಿದುಳಿನೊಡನೆಯೇ ಮಾತಾಡಬೇಕು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದವರು ಈ ಕೆಲಸದಲ್ಲಿ ನಮ್ಮ ಷಿಕಾಗೋ ವಿಶ್ವವಿದ್ಯಾಲಯದ ಸ್ಲಿಮಾನ್ ಬೆನ್ಸ್‌ಮಾಯಾ ಅವರೊಡನೆ ಸೇರಿ ದುಡಿದರು. 2021ರಲ್ಲಿ ಪ್ರಕಟವಾದ ಅವರ ಫಲಿತಾಂಶ ಗಮನಾರ್ಹ. ಮಿದುಳಿನಿಂದ ನಡೆಸುವ ಯಂತ್ರದ ಕೈಗೆ ಸ್ಪರ್ಶದ ಅರಿವನ್ನೂ ಕೊಟ್ಟಾಗ, ವಸ್ತುವೊಂದನ್ನು ಎತ್ತಿಡಲು ಹಿಡಿಯುತ್ತಿದ್ದ ಸುಮಾರು 21 ಸೆಕೆಂಡುಗಳು ಸುಮಾರು 10 ಸೆಕೆಂಡಿಗೆ ಇಳಿದವು. ಸ್ಪರ್ಶವೆಂಬುದು ಅಲಂಕಾರವಲ್ಲ, ಕೈಗೆ ಅದೇ ಅರ್ಧ ಜೀವ ಎಂದು ಆ ಅಂಕಿಗಳು ತೋರಿಸಿದವು. ಬೆನ್ಸ್‌ಮಾಯಾ 2023ರಲ್ಲಿ ಅಕಾಲಿಕವಾಗಿ ತೀರಿಕೊಂಡರು.

ಮೇಷ್ಟ್ರ ಹೆಬ್ಬೆರಳಿಗೆ ಉತ್ತರ

ಈಗ ಮೊದಲ ಪ್ರಶ್ನೆಗೆ ಮರಳೋಣ. ಕತ್ತರಿಸಿದ ನರ ಸುಮ್ಮನೆ ಒಣಗಿ ಹೋಗುವುದಿಲ್ಲ. ಅದು ಕಳೆದುಹೋದ ಸ್ನಾಯುವನ್ನು ಹುಡುಕಿಕೊಂಡು ಬೆಳೆಯಲು ಯತ್ನಿಸುತ್ತದೆ. ಏನೂ ಸಿಕ್ಕದೆ ತನ್ನಲ್ಲೇ ಸುತ್ತಿಕೊಂಡು ಗಂಟಾಗುತ್ತದೆ. ಈ ಗಂಟನ್ನು ಒತ್ತಿದರೆ ಪ್ರಾಣಹೋಗುವ ನೋವು. ಇತ್ತ ಮಿದುಳಿನಲ್ಲಿ ಹೋದ ಅಂಗದ ನಕಾಶೆ ಹಾಗೆಯೇ ಉಳಿದಿರುತ್ತದೆ. ಚೆನ್ನೈಯಲ್ಲಿ ವೈದ್ಯ ಓದಿ ಸ್ಯಾನ್ ಡಿಯಾಗೋದಲ್ಲಿ ನೆಲೆಸಿದ ವಿ. ಎಸ್. ರಾಮಚಂದ್ರನ್ ಅವರು 1990ರ ದಶಕದಲ್ಲಿ ಒಂದು ಸಾಮಾನ್ಯ ಕನ್ನಡಿಯಿಂದ ಇದನ್ನು ಪರೀಕ್ಷಿಸಿದರು. ಉಳಿದ ಕೈಯ ಬಿಂಬ ಹೋದ ಕೈಯ ಜಾಗದಲ್ಲಿ ಕಾಣುವಂತೆ ಮಾಡಿದಾಗ ಕೆಲವರ ಭೂತಾಂಗದ ನೋವು ಕಡಿಮೆಯಾಯಿತು.

ಸ್ವಾರಸ್ಯವಿರುವುದು ಮುಂದೆ. ಯಂತ್ರದ ತೋಳಿಗೆಂದು ನರ ಜೋಡಿಸಿಕೊಂಡವರಲ್ಲಿ ಅನೇಕರಿಗೆ ನರದ ಗಂಟಿನ ನೋವು ಮಾಯವಾದದ್ದು ವೈದ್ಯರ ಗಮನಕ್ಕೆ ಬಂತು. ನರಕ್ಕೆ ಹೋಗಲು ಒಂದು ಮನೆ ಸಿಕ್ಕಿತ್ತು, ಮಾಡಲು ಒಂದು ಕೆಲಸ ಸಿಕ್ಕಿತ್ತು. ಡುಮೇನಿಯನ್ ಮತ್ತು ಸಂಗಡಿಗರು 28 ಮಂದಿಯ ಮೇಲೆ ನಡೆಸಿ 2019ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಹಳೆಯ ಪದ್ಧತಿಯ ಚಿಕಿತ್ಸೆಗಿಂತ ಈ ನರಜೋಡಣೆ ಭೂತಾಂಗದ ನೋವನ್ನು ಹೆಚ್ಚು ಕಡಿಮೆ ಮಾಡಿತು. ಯಂತ್ರದ ಅಂಗ ತೊಡದವರಿಗೂ ಇದರಿಂದ ಉಪಯೋಗವಿದೆ. ಕೈಕಾಲು ತೆಗೆಯುವ ಶಸ್ತ್ರಕ್ರಿಯೆಯ ಹೊತ್ತಿನಲ್ಲೇ ಇದನ್ನು ಮಾಡಿ ಮುಗಿಸುವ ಪದ್ಧತಿ ಈಗ ಹಲವು ಕಡೆ ಇದೆ. ಯಂತ್ರಕ್ಕಾಗಿ ತೋಡಿದ ಬಾವಿಯಲ್ಲಿ ಮನುಷ್ಯನ ಬಾಯಾರಿಕೆಗೂ ನೀರು ಸಿಕ್ಕಿತು.

ಇದನ್ನು ಓದಿ ತಿಳಿದ ಮೇಲೆ ನಾವು ಮೇಷ್ಟ್ರಿಗೆ ಹೇಳಿದೆವು. ಅವರು ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಕೇಳಿಯೂ ಕೇಳಿದರು. ಡಾಕ್ಟರು ಕುಳಿತು ವಿವರವಾಗಿ ಮಾತಾಡಿದರಂತೆ. ವಯಸ್ಸು, ಸಕ್ಕರೆ, ರಕ್ತದ ಓಟ ಎಲ್ಲವನ್ನೂ ತೂಗಿ ನೋಡಿ, ಇನ್ನೊಂದು ಶಸ್ತ್ರಕ್ರಿಯೆ ಬೇಡವೆಂದು ಮೇಷ್ಟ್ರೇ ತೀರ್ಮಾನಿಸಿದರು. ಮಾತ್ರೆ ಮತ್ತು ಕನ್ನಡಿಯ ಅಭ್ಯಾಸದಿಂದ ಉರಿ ಈಗ ಸ್ವಲ್ಪ ತಗ್ಗಿದೆ. "ಮೊದಲೇ ಗೊತ್ತಿದ್ದರೆ ಕಾಲು ತೆಗೆಯುವ ದಿನವೇ ಕೇಳಬಹುದಿತ್ತು ಕಣ್ರಯ್ಯ" ಎಂದರು. ಆ ಮಾತು ನಮ್ಮ ಮನಸ್ಸಿನಲ್ಲಿ ಉಳಿಯಿತು. ಅವರಿಗೆ ಕಾಲು ತೆಗೆಯುವ ದಿನ ಆಸ್ಪತ್ರೆಯಲ್ಲಿ ನಾವು ಏಳೆಂಟು ಜನರಿದ್ದೆವು. ಎಲ್ಲರೂ ಓದಿದವರೇ. ಕೇಳಬೇಕಾದ ಪ್ರಶ್ನೆ ಒಬ್ಬರಿಗೂ ಗೊತ್ತಿರಲಿಲ್ಲ.

ದುಬಾರಿ ಕೈ, ಅಗ್ಗದ ಕಾಲು

ಒಂದು ಮಾತನ್ನು ಹೇಳದೆ ಈ ಇತಿಹಾಸವನ್ನು ಮುಗಿಸುವುದು ನ್ಯಾಯವಲ್ಲ. ಇಲ್ಲಿಯ ಮುಂದುವರಿದ ಯಂತ್ರದ ಕೈಗಳ ಬೆಲೆ ಹತ್ತಾರು ಸಾವಿರ ಡಾಲರು. ವಿಮೆ ಒಪ್ಪಬೇಕು, ತರಬೇತಿ ಬೇಕು, ಕೆಟ್ಟರೆ ಸರಿಮಾಡುವವರು ಬೇಕು. ನಮ್ಮ ದೇಶದಲ್ಲಿ ಇದಕ್ಕೆ ಬೇರೆಯೇ ದಾರಿ ಹುಡುಕಲಾಯಿತು. 1968ರಲ್ಲಿ ಜೈಪುರದ ಮೂಳೆ ವೈದ್ಯ ಪಿ. ಕೆ. ಸೇಥಿ ಮತ್ತು ಹೆಚ್ಚು ಓದಿಲ್ಲದ ಕುಶಲಕರ್ಮಿ ರಾಮಚಂದ್ರ ಶರ್ಮ ಸೇರಿ ರಬ್ಬರು ಮತ್ತು ಮರದಿಂದ ಜೈಪುರ ಕಾಲನ್ನು ಮಾಡಿದರು. ಪಾಶ್ಚಾತ್ಯ ಮಾದರಿಯ ಕಾಲು ಬೂಟಿಗೆಂದೇ ಮಾಡಿದ್ದು. ಜೈಪುರ ಕಾಲಿನಲ್ಲಿ ಬರಿಗಾಲಲ್ಲಿ ಗದ್ದೆಗಿಳಿಯಬಹುದು, ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರಬಹುದು, ಕುಕ್ಕರಗಾಲಲ್ಲಿ ಕೂರಬಹುದು. ನರ್ತಕಿ ಸುಧಾ ಚಂದ್ರನ್ ಆ ಕಾಲಿನಲ್ಲಿ ರಂಗದ ಮೇಲೆ ಮತ್ತೆ ಕುಣಿದದ್ದನ್ನೂ 'ಮಯೂರಿ' ಚಿತ್ರವನ್ನೂ ನಮ್ಮ ಪೀಳಿಗೆ ಮರೆತಿಲ್ಲ. ಸೇಥಿಯವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಬೆಂಗಳೂರಿನಲ್ಲಿ 1994ರಲ್ಲಿ ಆರಂಭವಾದ 'ಮೊಬಿಲಿಟಿ ಇಂಡಿಯಾ' ಸಂಸ್ಥೆ ಕೃತಕಾಂಗಗಳನ್ನು ಒದಗಿಸುವುದಲ್ಲದೆ ಅವನ್ನು ಮಾಡಿ ಜೋಡಿಸುವ ತಂತ್ರಜ್ಞರನ್ನೂ ತರಬೇತುಗೊಳಿಸುತ್ತ ಬಂದಿದೆ.

ಷಿಕಾಗೋದ ಕೈ ಮತ್ತು ಜೈಪುರದ ಕಾಲು ಎರಡೂ ಹುಟ್ಟಿದ್ದು ಒಂದೇ ಕೆಲಸದಿಂದ ಎಂದು ನಮಗೆ ಅನ್ನಿಸುತ್ತದೆ. ತೊಡುವವರು ಹೇಗೆ ಬದುಕುತ್ತಾರೆಂದು ಮಾಡುವವರು ಗಮನವಿಟ್ಟು ನೋಡಿದ್ದರಿಂದ. ಒಂದು ಕಡೆ ನರದ ಮಾತನ್ನು ಕೇಳಿದರು, ಇನ್ನೊಂದು ಕಡೆ ಗದ್ದೆಯ ರೈತನ ಮಾತನ್ನು ಕೇಳಿದರು.

ನಮಗೆ ಸಂಬಂಧಿಸಿದ ಮಾತು

ಓದುಗರಲ್ಲಿ ಒಂದು ಅರಿಕೆ. ಈ ದೇಶದಲ್ಲಿ 2005ರಲ್ಲಿ ಕೈಕಾಲು ಕಳೆದುಕೊಂಡು ಬದುಕುತ್ತಿದ್ದವರ ಸಂಖ್ಯೆ ಸುಮಾರು 16 ಲಕ್ಷವೆಂಬ ಅಂದಾಜಿದೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಕಾರಣ ಯುದ್ಧವೂ ಅಲ್ಲ, ಅಪಘಾತವೂ ಅಲ್ಲ, ರಕ್ತನಾಳದ ರೋಗ. ಅದರಲ್ಲೂ ಸಕ್ಕರೆ ಕಾಯಿಲೆಯ ಪಾಲು ದೊಡ್ಡದು. ಭಾರತೀಯ ಮೂಲದವರಲ್ಲಿ ಆ ಕಾಯಿಲೆ ಎಷ್ಟು ಸಾಮಾನ್ಯವೆಂಬುದನ್ನು ನಮ್ಮ ಕೂಟದ ಊಟದ ಸಾಲಿನಲ್ಲಿ ಹೋಳಿಗೆ ಬೇಡವೆನ್ನುವವರನ್ನು ಎಣಿಸಿದರೆ ತಿಳಿಯುತ್ತದೆ. ದಿನಕ್ಕೊಮ್ಮೆ ಅಂಗಾಲು ನೋಡಿಕೊಳ್ಳುವುದು, ಸಣ್ಣ ಗಾಯವನ್ನೂ ಅಲಕ್ಷಿಸದಿರುವುದು ಯಾವ ರೋಬಾಟ್ ಕಾಲಿಗಿಂತಲೂ ಮೇಲು. ಅದನ್ನೂ ಮೀರಿ ಕಷ್ಟ ಬಂದರೆ, ಶಸ್ತ್ರಕ್ರಿಯೆಗೆ ಮುಂಚೆ ನರಗಳನ್ನು ಏನು ಮಾಡುತ್ತೀರಿ ಎಂದು ಡಾಕ್ಟರನ್ನು ಕೇಳಲು ಮರೆಯಬೇಡಿ. ಎಲ್ಲರಿಗೂ ಅದು ಹೊಂದದಿರಬಹುದು. ಆದರೆ ಕೇಳುವುದಕ್ಕೆ ಖರ್ಚಿಲ್ಲ.

ಹೋದ ರಾಜ್ಯೋತ್ಸವದಲ್ಲಿ ಮೇಷ್ಟ್ರು ಸಾಧಾರಣ ಕೃತಕ ಕಾಲನ್ನೇ ತೊಟ್ಟು, ಪಂಚೆಯುಟ್ಟು ವೇದಿಕೆಗೆ ಬಂದರು. ಅದರಲ್ಲಿ ಮೋಟಾರಿಲ್ಲ, ಕಂಪ್ಯೂಟರಿಲ್ಲ. ಮಕ್ಕಳ ನಾಟಕದಲ್ಲಿ ಅವರದು ಅಜ್ಜನ ಪಾತ್ರ. ಪರದೆ ಬಿದ್ದ ಮೇಲೆ ನಾವು ಕಸಿಯ ಕಥೆಯನ್ನು ಮತ್ತೆ ಎತ್ತಿದೆವು. ಎದೆಗೆ ಕಸಿ ಕಟ್ಟಿದರೂ ನರ ತಾನು ಕೈಯ ನರವೆಂಬುದನ್ನು ಮರೆಯಲಿಲ್ಲ, ಅಲ್ಲಿಂದಲೂ ಕೈಯ ಮಾತನ್ನೇ ಆಡಿತು ಎಂದೆವು. ಮೇಷ್ಟ್ರು ಬಣ್ಣ ಒರೆಸಿಕೊಳ್ಳುತ್ತ, ತಮ್ಮ ಸಾಲು ಮರೆಯದೆ ಹೇಳಿ ಮುಗಿಸಿದ ಮಕ್ಕಳ ಕಡೆ ನೋಡಿ, "ನಮ್ಮದೂ ಅದೇ ಕೆಲಸವಲ್ಲವೇನಯ್ಯ?" ಎಂದರು.